ಎಡಾ ಬರೋಬ್ಬರಿ, ಬಲಾ ಬರೋಬ್ಬರಿ

ರಮಾಕಾಂತಾ,

ಇವತ್ತು ಬೆಳಿಗ್ಗೆ ಋಷಿಕೊಂಡದ ಗುಡ್ಡದಿಂದ ನನ್ನ ಹೊಸ ಗ್ಲೈಡರ್ ಬಿಟ್ಟೆ. ನಾಲ್ಕು ತಿಂಗಳು ಕೂತು ಕೊರೆದು, ಅಂಟಿಸಿ, ಉಜ್ಜಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂಡೆಗೆ ಬಡಿದು ಚೂರಾಯಿತು. ರಿಮೋಟಿನಲ್ಲಿ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ವಾಲಿತು. "ಪಡಿಪೋಯಿಂದಾ ಸಾರ್?" ಎಂದು ಪಕ್ಕದಲ್ಲಿದ್ದವನು ತೆಲುಗಿನಲ್ಲಿ ಕೇಳಿದ. "ಬಿತ್ತು, ಕಾಣಲ್ವಾ?" ಎಂದು ಕನ್ನಡದಲ್ಲೇ ರೇಗಿದೆ.

ಪರೀಕ್ಷೆ ಮಾಡದೆ ಬಿಡಲಿಲ್ಲ ಮಾರಾಯ. ಆದರೆ ಒಬ್ಬನೇ ಅದರ ಮೂತಿಯ ಎದುರು ನಿಂತು ನೋಡಿದ್ದೆ. ನನ್ನ ಎಡ ಅದಕ್ಕೆ ಬಲ ಎಂಬುದು ತಲೆಗೇ ಹೋಗಲಿಲ್ಲ. ವಿಜಯವಾಡದಲ್ಲಿ ನಾನು ರಿಮೋಟ್ ಹಿಡಿದರೆ ನೀನು ವಿಮಾನದ ಹಿಂದೆ ಮಂಡಿಯೂರಿ, ರೆಕ್ಕೆಯ ಪಟ್ಟಿಗಳು ಸರಿಯಾಗಿ ಏಳುವುದನ್ನು ನೋಡಿ, "ಎಡಾ ಬರೋಬ್ಬರಿ, ಬಲಾ ಬರೋಬ್ಬರಿ" ಎಂದು ಕೂಗುತ್ತಿದ್ದೆ.

ಅಲ್ಲೇ ಇಬ್ರಾಹಿಂಪಟ್ನಂ ಮೈದಾನದಲ್ಲಿ ನಿನ್ನ ವಿಮಾನವನ್ನು ನಾನು ಬೀಳಿಸಿದ ದಿನ, ನಮ್ಮ ಬ್ಯಾಂಕಿನವರೆಲ್ಲರ ಎದುರು ನಿನ್ನನ್ನು ತೋರಿಸಿ, "ಇವನು ಸರಿಯಾಗಿ ನೋಡಲೇ ಇಲ್ಲ" ಎಂದುಬಿಟ್ಟೆ. ನೀನು ಚೂರುಗಳನ್ನು ಆಯ್ದುಕೊಂಡೆ. ತಿಂಗಳೊಳಗೆ ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡೆ.

ಅಂದು ನಾನು ವಿಮಾನ ಓಡಿಸುವ ಮೊದಲೇ "ಉಲ್ಟಾ ಐತಿ, ನಿಂದ್ರಸೋ" ಎಂದು ನೀನು ಎರಡು ಸಲ ಕೂಗಿದ್ದೆ. ಎರಡೂ ಸಲ ನನಗೆ ಕೇಳಿಸಿತ್ತು.