ಹೂಂ ಎನ್ನುವವಳ ಇಂಗ್ಲಿಷ್ ಪಾಠ

ಲಾಂಡ್ರಿಯ ಹಿಂದಿನ ಕೋಣೆ
ಮಾರ್ಚ್ ೮, ಶನಿವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಕಣ್ಣಿಗೆ ಔಷಧಿ ಮೂರು ಹೊತ್ತೂ ಬಿಟ್ಟುಕೊಳ್ಳುತ್ತಿದ್ದೀಯಾ, ನೆನಪಾದಾಗ ಮಾತ್ರವಾ? ತಂಗಿಗೆ ಎಂಟು ತಿಂಗಳು ತುಂಬಿತಲ್ಲ, ಕಾಲು ಊದಿಕೊಂಡಿದ್ದರೆ ಡಾಕ್ಟರಿಗೆ ತೋರಿಸಲಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ಈ ವಾರವೆಲ್ಲ ತಲೆ ಕೆಟ್ಟು ಕೂತಿದ್ದೇನೆ.

ಇಂಗ್ಲಿಷ್ ಕ್ಲಾಸಿಗೆ ಸೇರಿದ್ದೇನೆಂದು ಬರೆದಿದ್ದೆನಲ್ಲ. ಒಂದು ತಿಂಗಳಿಂದ ಟೀಚರಮ್ಮ ಕಲಿಸುತ್ತಿರುವುದು ಒಂದೇ ವಿಷಯ: ಇಲ್ಲ, ಬೇಡ, ಆಗುವುದಿಲ್ಲ ಎನ್ನುವುದು ಹೇಗೆ ಅಂತ. ಬರೀ 'ನೋ' ಎಂದರೆ ಮುಖಕ್ಕೆ ಹೊಡೆದ ಹಾಗಂತೆ. 'ಸಾರಿ, ಐ ಕಾಂಟ್' ಎನ್ನಬೇಕಂತೆ. ಅಷ್ಟೇನೂ ಹಿಡಿಸದಿದ್ದರೆ 'ನಾಟ್ ರಿಯಲಿ'. 'ಐ ಆಮ್ ಅಫ್ರೇಡ್ ನಾಟ್' ಎನ್ನುವವರಿಗೆ ಹೆದರಿಕೆ ಏನೂ ಇರುವುದಿಲ್ಲವಂತೆ. ನನಗೋ ಹೆದರಿಕೆ ಬಿಟ್ಟು ಬೇರೇನೂ ಇಲ್ಲ. ಖಾಲಿ ಕುರ್ಚಿಯನ್ನೇ ಗಿರಾಕಿ ಎಂದುಕೊಂಡು ಹೇಳಿಸುತ್ತಾರೆ. ಕುರ್ಚಿಯ ಮುಂದೆ ನಾನು ಹುಲಿ.

ಅಂಗಡಿಯಲ್ಲಿ ಇಲಿ. ಮಂಗಳವಾರ ಒಬ್ಬ ಅಜ್ಜಿ ಉಣ್ಣೆಯ ಕೋಟು ತಂದು, ಬಿಸಿನೀರಲ್ಲೇ ಒಗೆದು ಸಂಜೆಗೆ ಕೊಡು ಎಂದು ಪಟ್ಟು ಹಿಡಿದರು. ಉಣ್ಣೆಗೆ ಬಿಸಿನೀರು ತಾಗಿಸಬಾರದೆಂದು ನನಗೆ ಗೊತ್ತು. ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಮಾತ್ರ 'ಯೆಸ್'. ಸಂಜೆಯ ಹೊತ್ತಿಗೆ ಆ ಕೋಟು ಅವರ ಮೊಮ್ಮಗನಿಗೆ ಸರಿಹೋಗುವಂತಿತ್ತು. ಮಾಲೀಕರು ಕೂಗಾಡಿದ್ದರೆ ಚೆನ್ನಾಗಿತ್ತು. "ನಿನ್ನ ಕೈ ಚಿನ್ನ ಕಣಮ್ಮ, ಆದ್ರೆ ಕೌಂಟರಲ್ಲಿ ನಿಲ್ಲೋರಿಗೆ 'ಆಗಲ್ಲ' ಅನ್ನೋಕೆ ಬರ್ಬೇಕು," ಎಂದರು, ಅಷ್ಟೇ. ಹದಿನೇಳನೇ ತಾರೀಖು ಅವರೇ ಗಿರಾಕಿಯ ಹಾಗೆ ನಿಂತು ನನ್ನನ್ನು ಪರೀಕ್ಷೆ ಮಾಡುತ್ತಾರೆ. ಗೆದ್ದರೆ ಕೌಂಟರಿನ ಕೆಲಸ ನನ್ನದು. ಇಲ್ಲದಿದ್ದರೆ ಮತ್ತೆ ಹಬೆಯ ಕೋಣೆ, ಊರವರ ಬೆವರಿನ ಹಾಸಿಗೆ ಬಟ್ಟೆ.

ನನಗೆ ಸಿಟ್ಟು ಯಾರ ಮೇಲೆ ಗೊತ್ತಾ ಅಮ್ಮ? ನಿನ್ನ ಮೇಲೆ. ಮನೆಗೆ ಬಂದವರ ಮುಂದೆಲ್ಲ "ನಮ್ಮ ದೊಡ್ಡವಳು ಯಾವತ್ತೂ ಇಲ್ಲ ಅಂದೋಳಲ್ಲ" ಎನ್ನುತ್ತಿದ್ದೆ. ಆ ಮಾತಿಗೆ ಉಬ್ಬಿ ಉಬ್ಬಿಯೇ ಬೆಳೆದೆ. ತಂಗಿಯ ಮೊದಲ ಬಾಣಂತನಕ್ಕೆ ಬೇಕರಿ ಕೆಲಸ ಬಿಟ್ಟು ಬಂದೆ. ಎರಡನೆಯದಕ್ಕೆ ಹೊಲಿಗೆ ತರಬೇತಿ ಅರ್ಧಕ್ಕೇ ನಿಂತಿತು. ಈಗ ಮೂರನೆಯದಕ್ಕೆ ಒಂದು ಮಾತೂ ಕೇಳದೆ ಹದಿನಾರನೇ ತಾರೀಖಿನ ರೈಲು ಟಿಕೆಟ್ಟನ್ನೇ ಕಳಿಸಿಬಿಟ್ಟಿದ್ದೀಯ. ಅದೂ ಬರುವುದಕ್ಕೆ ಮಾತ್ರ, ಹಿಂದಿರುಗಿ ಹೋಗುವುದಕ್ಕೆ ಇಲ್ಲ. ಮೂರು ದಿನದಿಂದ ಅದು ಇಸ್ತ್ರಿ ಮೇಜಿನ ಮೇಲಿದೆ. 'ನೋಡೋಣ' ಎಂದು ಬರೆದರೆ ನೀನು ಹೂಂ ಎಂದೇ ಓದಿಕೊಳ್ಳುತ್ತೀಯ. ಇಷ್ಟು ವರ್ಷ ಅದು ಹೂಂ ಎಂದೇ ಆಗಿತ್ತು, ನಿನ್ನ ತಪ್ಪೇನಿಲ್ಲ.

ತಂಗಿಗೆ ಸುಸೂತ್ರವಾಗಿ ಹೆರಿಗೆಯಾಗಲಿ. ಮಕ್ಕಳಿಬ್ಬರಿಗೂ ಮುತ್ತು. ನಿನ್ನ ಕಾಲಿಗೆ ನಮಸ್ಕಾರ, ನೋಯುವ ಕಾಲಿಗೆ ಇನ್ನೊಂದು.

ನಿನ್ನ
ದೊಡ್ಡವಳು

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ಟಿಕೆಟ್ ಇದೇ ಲಕೋಟೆಯಲ್ಲಿದೆ, ರದ್ದು ಮಾಡಿಸು. ನಾನು ಬರುವುದಿಲ್ಲ ಅಮ್ಮ. ನಿನ್ನ ಅಳಿಯನಿಗೂ ಎರಡು ಕೈಗಳಿವೆ, ಈ ಸಲ ರಜೆ ಹಾಕಿ ಅವನು ಕಲಿಯಲಿ. ಈ ನಾಲ್ಕು ಸಾಲಿಗೆ ಐದು ಹಾಳೆ ಹರಿದಿದ್ದೇನೆ. ಕುರ್ಚಿಗಲ್ಲದೆ ಮನುಷ್ಯರಿಗೆ ನಾನು ಹೇಳುತ್ತಿರುವ ಮೊದಲ 'ಇಲ್ಲ' ಇದು. ಬೇಕಾದರೆ ಬೈದು ಬರೆ, ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.