ಆರನೇ ಕುರಿಯ ಮಾಸು

ಕನಕಪುರ
ಫೆಬ್ರವರಿ 9, 2025

ಅವ್ವಾ,

ಕಾಲಿಗೆ ಬಿದ್ದೆ ಅಂತ ತಿಳಿದುಕೋ, ಆದರೆ ಕೋಪ ಇನ್ನೂ ಇಳಿದಿಲ್ಲ. ಫೋನಿನಲ್ಲಿ ನಾನು ಬಾಯಿ ತೆಗೆಯುವ ಮೊದಲೇ ನೀನು ಅಳುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಈ ಕಾಗದ. ತಮ್ಮ ಸ್ವಾಮಿ ಓದಿ ಹೇಳುತ್ತಾನೆ, ಎದ್ದು ಹೋಗದೆ ಪೂರ್ತಿ ಕೇಳು.

ನಮ್ಮ ಸಂಶೋಧನಾ ಕೇಂದ್ರದ ಆರು ಗಬ್ಬದ ಕುರಿಗಳನ್ನು ಹೊಂಗನೂರಿನ ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿಸಿದ್ದು ನಾನು. ಹಳ್ಳಿಯ ಮೇವು ತಿಂದ ಕುರಿಯ ಹೊಟ್ಟೆಯಲ್ಲಿ ಮಾಸು ಮರಿಗೆ ಎಷ್ಟು ಆಹಾರ ದಾಟಿಸುತ್ತದೆ ಅಂತ ತಿಳಿಯಬೇಕಿತ್ತು. ಬಸುರಿ ಹೆಂಗಸರಲ್ಲಿ ನೋಡಲಾಗದ್ದನ್ನು ಕುರಿಯಲ್ಲಿ ನೋಡುವುದು, ಅಷ್ಟೇ ನನ್ನ ಕೆಲಸ. ಕುರಿ ಈದ ಮೇಲೆ ಮಾಸನ್ನು ಐಸ್ ಡಬ್ಬಿಗೆ ಹಾಕಿ ಫೋನ್ ಮಾಡು ಅಂತ ಎಷ್ಟು ಸಲ ಹೇಳಿದ್ದೆ! ಐದು ಸಲ ಸರಿಯಾಗಿಯೇ ಮಾಡಿದೆ. ಆರನೆಯದಕ್ಕೆ ಏನು ಬಂತು ನಿನಗೆ?

ನಾನು ಬಂದು ಡಬ್ಬಿ ತೆಗೆದರೆ ಬರೀ ಕರಗಿದ ನೀರು. ಕೇಳಿದರೆ, "ಕೆಚ್ಚಲು ಬತ್ತೋಗಿತ್ತು ಕಣವ್ವ, ಒಸಿ ಹಾಲಾದ್ರೂ ಇಳೀಲಿ ಅಂತ ಆಲದ ಮರಕ್ಕೆ ಕಟ್ಬುಟ್ಟೆ" ಅಂದೆ. ಹಸು ಕರು ಹಾಕಿದಾಗ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಯುವ ಮರಕ್ಕೆ ಕಟ್ಟುವುದು ನನಗೂ ಗೊತ್ತು. ಕುರಿಯದನ್ನು ಕಟ್ಟಿದವಳನ್ನು ನಿನ್ನೊಬ್ಬಳನ್ನೇ ಕಂಡೆ! ಅದನ್ನು ಇಳಿಸಲು ನಾನು ಪಕ್ಕದ ಮನೆಯ ನರಸಯ್ಯ ಮಾವನನ್ನು ಮರ ಹತ್ತಿಸಿದೆ. ನೀನು ಸುತ್ತಿದ್ದ ಗೋಣಿ ಹರಿದು ಜೋತಾಡುತ್ತಿತ್ತು, ಒಳಗಿದ್ದದ್ದು ಕಾಗೆ ಪಾಲಾಗಿತ್ತು. "ಕುರಿ ಮಾಸಿಗೆ ಇಷ್ಟು ರಂಪ ಏನವ್ವ" ಅಂತ ಅವರು ನಕ್ಕರು. ನನಗೆ ಅಳು ಬಂತು.

ಅವ್ವಾ, ಆರರಲ್ಲಿ ಬೆಳೆಯದ ಮರಿ ಹಾಕಿದ್ದು ಅದೊಂದೇ ಕುರಿ. ಉಳಿದ ಐದು ಮರಿಗಳೂ ಗುಂಡುಕಲ್ಲಿನ ಹಾಗಿವೆ, ಅವುಗಳ ಮಾಸಿನಲ್ಲಿ ಹೊಸದೇನೂ ಇಲ್ಲ. ಈ ಮರಿ ಯಾಕೆ ಸಣ್ಣದಾಯಿತು ಅಂತ ಹೇಳಬೇಕಿದ್ದದ್ದು ಆ ಮಾಸು. ಅದರಲ್ಲಿ ಅಂಗಿ ಗುಂಡಿಯಂಥ ಗಂಟುಗಳಿರುತ್ತವೆ, ತಾಯಿಯಿಂದ ಮರಿಗೆ ಎಲ್ಲವೂ ಅವುಗಳ ಮೂಲಕವೇ ಹೋಗುವುದು. ಎಣಿಸಿ, ತೂಗಿ, ಕತ್ತರಿಸಿ ನೋಡಬೇಕಿತ್ತು. ಇಂಥದ್ದೊಂದಕ್ಕೆ ಎರಡು ವರ್ಷ ಕಾದಿದ್ದೆ. ಕೇಂದ್ರದ ಮೇಡಂ ಮುಂದೆ ಏನಂತ ಹೇಳಲಿ? ನಮ್ಮವ್ವ ಮರಕ್ಕೆ ಕಟ್ಟಿದಳು ಅಂತಲಾ?

ನೀನು ಕೆಟ್ಟದ್ದಕ್ಕೆ ಮಾಡಲಿಲ್ಲ, ಗೊತ್ತು. ಗೊತ್ತಿರುವುದರಿಂದಲೇ ಹೊಟ್ಟೆ ಉರಿಯುತ್ತದೆ, ಮನಸಾರೆ ಬೈಯುವುದಕ್ಕೂ ಆಗುವುದಿಲ್ಲ.

ಹುರಿಹಿಟ್ಟು ತಲುಪಿತು. ಏಳು ತಿಂಗಳು ತುಂಬಿತು, ಚೆನ್ನಾಗಿದ್ದೇನೆ. ನಿನ್ನ ಅಳಿಯ ಮನೋಹರ್ ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಬಂದು ಅಡುಗೆಯನ್ನೂ ಅವರೇ ಮಾಡುತ್ತಾರೆ. ಸೀಮಂತ ಈಗಲೇ ಬೇಡ, ಕೆಲಸ ಜಾಸ್ತಿ ಇದೆ. ಯಾಕೆ ಏನು ಅಂತ ಕೇಳಬೇಡ.

ನಿನ್ನ ಸಿಡುಕಿ ಮಗಳು,
ಭಾನುಪ್ರಿಯ

ತಾ.ಕ.: ಸ್ವಾಮಿ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಇದು ನಿನಗೆ ಮಾತ್ರ, ಅವ್ವನಿಗೆ ಹೇಳಬೇಡ. ನಾನು ಊರಿಗೆ ಬರುವ ಹಿಂದಿನ ದಿನ ಸ್ಕ್ಯಾನಿಂಗ್ ಮಾಡಿದವರು, ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ, ಮಾಸು ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂದರು. ಯಾಕೆ ಅಂತ ಕೇಳಿದೆ, ಅವರಿಗೂ ಗೊತ್ತಿಲ್ಲ. ಅವತ್ತು ಕೊಟ್ಟಿಗೆಯಲ್ಲಿ ಆ ಮರಿಯ ಕಡೆ ತಿರುಗಿ ನೋಡುವುದಕ್ಕೂ ನನಗೆ ಭಯವಾಯಿತು ಕಣೋ. ಅದು ಹಾಲು ಕುಡಿಯುತ್ತಿದೆಯಾ? ಬದುಕಿದೆಯಾ? ಕಾಗದ ಸಿಕ್ಕ ಕೂಡಲೇ ಫೋನ್ ಮಾಡಿ ಅದೊಂದು ಹೇಳು.