ಒಂದು ಪ್ರಾಕ್ಸಿ

ವುಡ್‌ಬ್ರಿಡ್ಜ್, ಸೆಪ್ಟೆಂಬರ್ ೧೯೭೪

ವಿಜಿ,

ಎರಡು ವರ್ಷ ಕೌಂಟಿ ಕಾಲೇಜು, ಮೂರನೆಯ ವರ್ಷಕ್ಕೆ ಯೂನಿವರ್ಸಿಟಿ ಎಂದು ಅಂದುಕೊಂಡಿದ್ದೆವಲ್ಲ, ಅಲ್ಲಿಗೆ ಇವತ್ತು ನಾನೊಬ್ಬಳೇ ಹೋದೆ. ನನ್ನ ಕ್ರೆಡಿಟ್‌ಗಳೆಲ್ಲ ಟ್ರಾನ್ಸ್‌ಫರ್ ಆದವು.

ಫೆಬ್ರುವರಿಯ ಆ ಬೆಳಿಗ್ಗೆ ನೀನು ಫೋನ್ ಮಾಡಿ, "ಸ್ನೋ ಜಾಸ್ತಿ ಇದೆ ಕಣೇ, ಡ್ರೈವ್ ಮಾಡಕ್ಕೆ ಭಯ. ಮೈಸೂರಲ್ಲಿ ಹಾಕ್ತಿದ್ವಲ್ಲ, ಹಾಗೆ ನನ್ನ ಹೆಸರು ಕರೆದಾಗ ಒಂದು ಪ್ರಾಕ್ಸಿ ಹಾಕ್ಬಿಡು" ಎಂದೆ.

"ಇದು ಮೈಸೂರಲ್ಲ, ನೀನೇ ಬಾ" ಎಂದೆ ನಾನು.

ಹಾಜರಿಯಲ್ಲಿ ನಿನ್ನ ಹೆಸರನ್ನು ಎರಡು ಸಲ ಕರೆದರು. ನಾನು ಪ್ರಾಕ್ಸಿ ಹಾಕಲಿಲ್ಲ. ನಿನ್ನ ಕಾರು ಸೇತುವೆಯ ಮೇಲೆ ಜಾರಿತೆಂದು, ನೀನಿನ್ನಿಲ್ಲವೆಂದು ಮಧ್ಯಾಹ್ನ ತಿಳಿಯಿತು.

ಇವತ್ತಿನ ಪಟ್ಟಿಯಲ್ಲಿ ನಿನ್ನ ಹೆಸರಿರುವುದಿಲ್ಲ ಎಂದು ಗೊತ್ತಿದ್ದೂ ಕಿವಿಗೊಟ್ಟು ಕಾದೆ. ನನ್ನ ಹೆಸರು ಕರೆದಾಗ ಸ್ವರವೇ ಹೊರಡಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದಿನಿಂದ "ಪ್ರೆಸೆಂಟ್ ಸರ್" ಎಂದು ಕೇಳಿಸಿತು. ನನಗೆ ಪ್ರಾಕ್ಸಿ ಹಾಕುವಾಗ ನೀನು ಮೂಗಿನಲ್ಲಿ ಎಳೆಯುತ್ತಿದ್ದ ಅದೇ ದನಿ. ಪ್ರೊಫೆಸರ್ ನನ್ನ ಹಿಂದಕ್ಕೆ ನೋಡಿ ತಲೆಯಾಡಿಸಿ, ಟಿಕ್ ಹಾಕಿ, ಮುಂದಿನ ಹೆಸರು ಕರೆದರು.

ನಾನು ತಿರುಗಿ ನೋಡಲಿಲ್ಲ ವಿಜಿ. ನಾನು ಕೂತಿದ್ದದ್ದೇ ಕೊನೆಯ ಸಾಲು. ನನ್ನ ಬೆನ್ನು ಗೋಡೆಗೆ ತಗಲಿಕೊಂಡಿತ್ತು.

ರಮಾಮಣಿ